ಮಗಳಿಗೆ ನಗರ ವಿನ್ಯಾಸ ಓದಿ ಅದನ್ನೇ ಪಾಠ ಮಾಡಬೇಕಂತೆ. ಇದರಲ್ಲಿ ಬದುಕು ಇದೆಯಾ?

ಮಾಟುಂಗಾದಪ್ಪ

ಎಲ್ಲರಿಗೂ ನಮಸ್ಕಾರ. ಮಗಳು ಮುಂಬೈಯಲ್ಲೇ ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದಾಳೆ. ಮುಗಿದ ಮೇಲೆ ಒಳ್ಳೆ ಆಫೀಸ್ ಸೇರುತ್ತಾಳೆ, ಒಂದು ದಿನ ಊರಲ್ಲಿ ನಮ್ಮ ಮನೆಯನ್ನೂ ಕಟ್ಟಿಕೊಡುತ್ತಾಳೆ ಅಂತ ನಾವು ಲೆಕ್ಕ ಹಾಕಿದ್ದೆವು. ಈಗ ಅವಳದು ಬೇರೆ ರಾಗ. ಮನೆ ಕಟ್ಟೋದು ಬೇಡವಂತೆ. ಅರ್ಬನ್ ಡಿಸೈನ್‌ನಲ್ಲಿ ಎಂ.ಆರ್ಕ್ ಮಾಡಬೇಕಂತೆ, ಆಮೇಲೆ ಕಾಲೇಜಿನಲ್ಲಿ ಪಾಠ ಮಾಡಬೇಕಂತೆ.

ಸಂಜೆ ಹೊತ್ತು ಮಾಟುಂಗಾ ಸ್ಟೇಷನ್ ಹೊರಗೆ ಟೇಪು, ಸೀಮೆಸುಣ್ಣ ಹಿಡಿದು ನಿಲ್ಲುತ್ತಾಳೆ. ಜನ ಫುಟ್‌ಪಾತ್ ಬಿಟ್ಟು ರಸ್ತೆಗೆ ಎಲ್ಲಿ ಇಳಿಯುತ್ತಾರೋ ಅಲ್ಲಿ ಗುರುತು ಹಾಕುತ್ತಾಳೆ. ನಮ್ಮ ಸೊಸೈಟಿಯವರೊಬ್ಬರು ಲಿಫ್ಟ್‌ನಲ್ಲಿ ಕೇಳಿದರು, "ಮಗಳಿಗೆ ಮುನ್ಸಿಪಾಲಿಟಿಯಲ್ಲಿ ಕೆಲಸ ಆಯ್ತಾ?" ಅಂತ. ನಾನು ಏನು ಹೇಳಲಿ?

ಮನೆಯಲ್ಲಿ ದಿನಾ ರಾಹುಲ್ ಮೆಹ್ರೋತ್ರ ಅನ್ನುವವರ ಹೆಸರು ಕೇಳುತ್ತಿರುತ್ತದೆ. ಯಾರಿವರು? ಏನು ಕಟ್ಟಿದ್ದಾರೆ? ಪಾಠ ಮಾಡಿ ಊರು ಬದಲಾಗುತ್ತಾ? ತಿಳಿದವರು ಹೇಳಿ. ಸುಮ್ನೆ "ಮಕ್ಕಳ ಇಷ್ಟಕ್ಕೆ ಬಿಡಿ" ಅನ್ನಬೇಡಿ, ಅದನ್ನು ಹೆಂಡತಿ ಆಗಲೇ ಹೇಳಿದ್ದಾಳೆ.

ಸ್ಟುಡಿಯೋ ಅಕ್ಕ

ನಮಸ್ಕಾರ ಸಾರ್. ನಾನು ಇಲ್ಲೇ ಒಂದು ಆರ್ಕಿಟೆಕ್ಚರ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ.

ಮೆಹ್ರೋತ್ರ ಒಬ್ಬ ಆರ್ಕಿಟೆಕ್ಟ್, ಹುಟ್ಟಿದ್ದು 1959ರಲ್ಲಿ. ಓದಿದ್ದು ಅಹಮದಾಬಾದಿನಲ್ಲಿ, ಆರ್ಕಿಟೆಕ್ಟ್ ಬಿ.ವಿ. ದೋಶಿ 1962ರಲ್ಲಿ ಶುರುಮಾಡಿದ ಶಾಲೆಯಲ್ಲಿ. ಅದೇ ಇವತ್ತಿನ ಸೆಪ್ಟ್. ಅಲ್ಲಿಂದ ಹಾರ್ವರ್ಡ್‌ಗೆ ಹೋಗಿ 1987ರಲ್ಲಿ ಅರ್ಬನ್ ಡಿಸೈನ್ ಮುಗಿಸಿದರು. 1990ರಲ್ಲಿ ಸ್ವಂತ ಆಫೀಸ್ ತೆರೆದರು. ಇಲ್ಲಿಯವರೆಗೆ ಎಲ್ಲರ ಕಥೆಯೂ ಇದೇ. ಮುಂದಿನದ್ದು ಬೇರೆ.

1994ರಿಂದ 2004ರವರೆಗೆ ದಕ್ಷಿಣ ಮುಂಬೈಯ ಫೋರ್ಟ್‌ನಲ್ಲಿರುವ ಅರ್ಬನ್ ಡಿಸೈನ್ ರಿಸರ್ಚ್ ಇನ್‌ಸ್ಟಿಟ್ಯೂಟನ್ನು ಇವರೇ ನಡೆಸಿದರು. ಅದನ್ನು 1984ರಲ್ಲಿ ಹುಟ್ಟುಹಾಕಿದ್ದು ಹೆಸರಾಂತ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ. ಅದು ಕಟ್ಟಡ ಕಟ್ಟುವ ಸಂಸ್ಥೆ ಅಲ್ಲ. ಊರನ್ನು ಅಳೆಯುವುದು, ನಕ್ಷೆ ಮಾಡುವುದು, ಅದನ್ನು ಜನರ ಮುಂದೆ, ಅಧಿಕಾರಿಗಳ ಮುಂದೆ ಇಡುವುದು ಅದರ ಕೆಲಸ. ಅದೇ ಹೊತ್ತಿಗೆ, 1995ರಲ್ಲಿ, ಮುಂಬೈಗೆ ಹೆರಿಟೇಜ್ ನಿಯಮ, ಅಂದರೆ ಹಳೇ ಕಟ್ಟಡ, ಪ್ರದೇಶಗಳನ್ನು ಉಳಿಸುವ ನಿಯಮ, ಬಂತು. ದೇಶದಲ್ಲಿ ಒಂದು ನಗರಕ್ಕೆ ಇಂಥ ನಿಯಮ ಬಂದಿದ್ದು ಅದೇ ಮೊದಲು. ಆದರೆ ಕಾಗದದ ಮೇಲೆ ನಿಯಮ ಬಂದರೆ ಆಯ್ತಾ? ಫೋರ್ಟ್‌ನ ಕಾಲಾ ಘೋಡಾ ಅನ್ನುವ ಏರಿಯಾ ಇದೆಯಲ್ಲ, ಅಲ್ಲಿಯ ಅಂಗಡಿಯವರು, ಬ್ಯಾಂಕಿನವರು, ಗ್ಯಾಲರಿಯವರು "ಇದು ನಮ್ಮದು" ಅನ್ನಬೇಕಲ್ಲ. 1998ರಲ್ಲಿ ಕಾಲಾ ಘೋಡಾ ಅಸೋಸಿಯೇಷನ್ ಆಯ್ತು, 1999ರಲ್ಲಿ ಉತ್ಸವ ಶುರುವಾಯ್ತು. ನೀವೆಲ್ಲ ಫೆಬ್ರವರಿಯಲ್ಲಿ ಹೋಗಿ ಸೆಲ್ಫಿ ತೆಗೆದುಕೊಳ್ಳುವ ಉತ್ಸವ ಅದೇ.

ಇತಿಹಾಸಕಾರ್ತಿ ಶಾರದಾ ದ್ವಿವೇದಿ ಅವರ ಜೊತೆ ಸೇರಿ ಮುಂಬೈ ಬೆಳೆದ ಕಥೆಯನ್ನು 1995ರಲ್ಲಿ ಪುಸ್ತಕವಾಗಿ ತಂದರು. ನನ್ನ ವಿದ್ಯಾರ್ಥಿಗಳು ಇವತ್ತಿಗೂ ಮೊದಲು ತೆರೆಯುವುದು ಅದನ್ನೇ. ಆಮೇಲೆ ಮಿಶಿಗನ್, ಎಂಐಟಿ, 2010ರಿಂದ ಹಾರ್ವರ್ಡ್. ಅಲ್ಲಿ ನಗರ ಯೋಜನೆ ಮತ್ತು ವಿನ್ಯಾಸ ವಿಭಾಗದ ಮುಖ್ಯಸ್ಥರಾದರು. ಮುಂಬೈ ಆಫೀಸನ್ನು ಮಾತ್ರ ಮುಚ್ಚಲಿಲ್ಲ. ಜೈಪುರದ ಹತ್ತಿರ ಆನೆಗಳಿಗೂ ಮಾವುತರಿಗೂ ಅಂತ ಒಂದು ವಸತಿ ಕಟ್ಟಿದ್ದಾರೆ. ತಾನು ಓದಿದ ಸೆಪ್ಟ್‌ಗೆ ಲೈಬ್ರರಿ ಕಟ್ಟಿಕೊಟ್ಟಿದ್ದಾರೆ. ಮೇಷ್ಟ್ರಿಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೇನು ಬೇಕು ಹೇಳಿ.

ಠಾಣೆ ಸ್ಲೋ

ಅಕ್ಕಾ, ಎಲ್ಲಾ ಸರಿ. ಆದರೆ ಇದರಲ್ಲಿ ನನಗೇನು ಸಿಕ್ಕಿತು? ದಿನಾ ಎರಡು ಹೊತ್ತು ಲೋಕಲ್‌ನಲ್ಲಿ ನೇತಾಡಿಕೊಂಡು ಹೋಗುತ್ತೇನೆ. ಸ್ಟೇಷನ್ ಹೊರಗೆ ಇಳಿದರೆ ಕಾಲಿಡಲು ಜಾಗ ಇಲ್ಲ, ಫೇರಿವಾಲಾಗಳೇ (ಬೀದಿ ವ್ಯಾಪಾರಿಗಳೇ) ತುಂಬಿದ್ದಾರೆ. ಕಾಲಾ ಘೋಡಾ ಚೆಂದ ಆಯ್ತು, ಒಪ್ಪಿದೆ. ಈಗ ಅಲ್ಲಿ ಒಂದು ಕಾಫಿಗೆ ಎಷ್ಟು ಗೊತ್ತಾ? ಆ ದುಡ್ಡಿಗೆ ನಮ್ಮ ಕಡೆ ಇಡೀ ಮನೆಯವರು ಊಟ ಮಾಡಿ ಬರಬಹುದು. ಹಾರ್ವರ್ಡ್‌ನಲ್ಲಿ ಕೂತು ಮುಂಬೈ ಬಗ್ಗೆ ಬರೆಯೋದು ಸುಲಭ ಮಾರಾಯ್ರೆ.

ಕೋಟೆ ಕ್ಯಾಂಟೀನ್

ಠಾಣೆ ತಮ್ಮಾ, ಕಾಫಿ ವಿಷಯದಲ್ಲಿ ನಿನ್ನ ಪಕ್ಷವೇ. ಆದರೆ ಫೇರಿವಾಲಾ ವಿಷಯದಲ್ಲಿ ಸ್ವಲ್ಪ ನಿಲ್ಲು.

ನಾನು ಊರಿಂದ ಬಂದಿದ್ದು ಹುಡುಗನಾಗಿದ್ದಾಗ. ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ, ರಾತ್ರಿ ಕನ್ನಡ ಶಾಲೆ. ದಾದಾಭಾಯಿ ನೌರೋಜಿ ರಸ್ತೆಯ ಕಟ್ಟಡಗಳ ಕೆಳಗೆ ಕಲ್ಲಿನ ಕಮಾನುಗಳ ಸಾಲು ಇದೆಯಲ್ಲ, ಮಳೆಗಾಲದಲ್ಲಿ ವಿ.ಟಿ. ರೈಲ್ವೆ ಸ್ಟೇಷನ್ನಿಂದ (ಈಗಿನ ಸಿಎಸ್‌ಎಂಟಿ) ಫ್ಲೋರಾ ಫೌಂಟನ್‌ವರೆಗೆ ಕೊಡೆ ಬಿಚ್ಚದೆ ಹೋಗಬಹುದು. ಬಿಳಿಯರು ಅದನ್ನು ನಡೆಯಲಿಕ್ಕೆ ಅಂತ ಕಟ್ಟಿಸಿದರು. ನಮ್ಮ ಕಾಲಕ್ಕೆ ಅದು ಬಜಾರು. ಬೆಳಿಗ್ಗೆ ಹತ್ತಕ್ಕೆ ಒಬ್ಬ ಬಂದು ಕಂಬಕ್ಕೆ ಹಗ್ಗ ಕಟ್ಟುತ್ತಿದ್ದ, ಹಗ್ಗಕ್ಕೆ ಬೆಲ್ಟು, ಪಾಕೀಟು. ಪಕ್ಕದವನು ಕ್ಯಾಲ್ಕುಲೇಟರ್, ಪೆನ್ನು. ರಾತ್ರಿ ಎಂಟೂವರೆಗೆ ಎಲ್ಲಾ ಒಂದು ತಗಡಿನ ಪೆಟ್ಟಿಗೆಗೆ ಹೋಗುತ್ತಿತ್ತು. ನಾನು ಶಾಲೆ ಮುಗಿಸಿ ಬರುವಾಗ ಕಮಾನು ಖಾಲಿ, ಕಲ್ಲು ಮಾತ್ರ. ನನ್ನ ಮೊದಲ ಪ್ಯಾಂಟಿನ ಬೆಲ್ಟು ಅಲ್ಲಿಯದೇ. ಒಳಗಿನ ಅಂಗಡಿಗೆ ಹೋಗುವ ಧೈರ್ಯವೂ ಇರಲಿಲ್ಲ, ದುಡ್ಡೂ ಇರಲಿಲ್ಲ.

ಆ ಜನರನ್ನು ಓಡಿಸಿದರೆ ಕಟ್ಟಡ ಚೆಂದ ಕಾಣುತ್ತದೆ, ನಿಜ. ಆದರೆ ನಮ್ಮಂಥವರು ಬೆಲ್ಟು ಎಲ್ಲಿ ತೆಗೆದುಕೊಳ್ಳಬೇಕಿತ್ತು?

ಸ್ಟುಡಿಯೋ ಅಕ್ಕ

ಅಣ್ಣಾ, ನೀವು ಹೇಳಿದ್ದೇ ಮೆಹ್ರೋತ್ರ ಅವರ ದೊಡ್ಡ ವಾದ. ಇದೇ ಕಮಾನು, ಇದೇ ಬಜಾರನ್ನು ಅವರು ತಮ್ಮ ಬರಹದಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. ಅವರ ಪ್ರಕಾರ ಮುಂಬೈಯಲ್ಲಿ ಒಂದೇ ಜಾಗದಲ್ಲಿ ಎರಡು ನಗರ ಇವೆ. ಒಂದು ಕಲ್ಲು, ಸಿಮೆಂಟಿನದು, ನಕ್ಷೆಯಲ್ಲಿ ಕಾಣುವಂಥದ್ದು. ಇನ್ನೊಂದು ಬೆಳಿಗ್ಗೆ ಎದ್ದು ಸಂಜೆ ಮಡಚುವಂಥದ್ದು. ಹಗ್ಗ, ತಾಡಪಾಲು, ಬಿದಿರು. ಗಣಪತಿ ಪೆಂಡಾಲು, ಊಟದ ಡಬ್ಬಿ ತಲುಪಿಸುವ ಡಬ್ಬಾವಾಲಾಗಳು, ಸಂಜೆಯ ಬಜಾರು ಎಲ್ಲಾ ಎರಡನೆಯ ನಗರದವು. ಬಡವರಷ್ಟೇ ಇದನ್ನು ಮಾಡುತ್ತಾರೆ ಅಂದುಕೊಳ್ಳಬೇಡಿ. ಜಿಮ್ಖಾನಾ ಮೈದಾನದಲ್ಲಿ ಒಂದು ರಾತ್ರಿಗೆ ಅರಮನೆ ಎಬ್ಬಿಸಿ ಮದುವೆ ಮಾಡುವ ಶ್ರೀಮಂತರೂ ಇದೇ ಸಾಲಿನವರು. ಅವರನ್ನು ಯಾರೂ ಒತ್ತುವರಿ ಅನ್ನುವುದಿಲ್ಲ, ಅಷ್ಟೇ ವ್ಯತ್ಯಾಸ.

2013ರ ಕುಂಭಮೇಳಕ್ಕೆ ಹಾರ್ವರ್ಡ್‌ನಿಂದ ದೊಡ್ಡ ತಂಡ ಬಂತಲ್ಲ, ಅದರ ಮುಂದಾಳುಗಳಲ್ಲಿ ಇವರೂ ಒಬ್ಬರು. ವಿನ್ಯಾಸದವರ ಜೊತೆ ಆರೋಗ್ಯದವರು, ವ್ಯಾಪಾರ ಓದಿಸುವವರು, ಧರ್ಮ ಓದಿಸುವವರೂ ಇದ್ದರು. ಮಳೆಗಾಲ ಕಳೆದು ಗಂಗೆ ಇಳಿದ ಮೇಲೆ ಒದ್ದೆ ಮರಳಿನ ಮೇಲೆ ಗೆರೆ ಎಳೆಯುತ್ತಾರೆ. ಉಕ್ಕಿನ ತಟ್ಟೆ ಹಾಸಿದರೆ ರಸ್ತೆ, ಪೀಪಾಯಿ ತೇಲಿಸಿದರೆ ಸೇತುವೆ. ದೀಪ, ನೀರು, ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲಾ ಬರುತ್ತದೆ. 55 ದಿನ ಅದು ಊರು. ಆಮೇಲೆ ಬಿಚ್ಚಿ ಲಾರಿಗೆ ತುಂಬುತ್ತಾರೆ, ಮುಂದಿನ ಮಳೆಗೆ ಜಾಗ ಮತ್ತೆ ನದಿಗೆ. ಇಷ್ಟು ಜನರಿಗೆ ಇಷ್ಟು ಬೇಗ ಊರು ಮಾಡುವ ವಿದ್ಯೆ ನಮ್ಮಲ್ಲೇ ಇರುವಾಗ ಶಹರದ ಯೋಜನೆಯಲ್ಲಿ ಅದು ಯಾಕೆ ಸೇರುವುದಿಲ್ಲ ಅನ್ನೋದು ಪ್ರಶ್ನೆ.

ಠಾಣೆ ಸ್ಲೋ

ಪ್ರಶ್ನೆ ಚೆನ್ನಾಗಿದೆ. ಉತ್ತರ ಯಾರು ಜಾರಿ ಮಾಡುತ್ತಾರೆ? ಎಫ್‌ಎಸ್‌ಐ, ಅಂದರೆ ಒಂದು ಜಾಗದಲ್ಲಿ ಎಷ್ಟು ಕಟ್ಟಬಹುದು ಅನ್ನುವ ಮಿತಿ, ಎಷ್ಟು ಅಂತ ತೀರ್ಮಾನ ಆಗೋದು ಪ್ರೊಫೆಸರ್ ಕ್ಲಾಸಿನಲ್ಲಿ ಅಲ್ಲವಲ್ಲ.

ಪರೇಲ್ ಚಾಳ್

ಠಾಣೆಯವರು ಹೇಳಿದ್ದು ಕಹಿ, ಆದರೆ ಸುಳ್ಳಲ್ಲ. ನಮ್ಮ ಏರಿಯಾದ ಕಥೆ ಕೇಳಿ.

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಬಟ್ಟೆ ಗಿರಣಿ ಮುಷ್ಕರ ಶುರುವಾಯ್ತು. ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು. ಮುಷ್ಕರ ಮುಗಿಯಲೇ ಇಲ್ಲ ಅನ್ನಬಹುದು, ಗಿರಣಿಗಳು ಮುಗಿದವು. ಊರಿನ ನಡುಮಧ್ಯೆ ಸುಮಾರು 600 ಎಕರೆ, 58 ಗಿರಣಿ. 1991ರ ನಿಯಮದಲ್ಲಿ ಒಂದು ಒಳ್ಳೆ ಲೆಕ್ಕ ಇತ್ತು. ಜಮೀನು ಬೇರೆ ಕೆಲಸಕ್ಕೆ ಬಳಸುವುದಾದರೆ ಹೆಚ್ಚುಕಮ್ಮಿ ಮೂರು ಪಾಲು ಮಾಡಿ: ಒಂದು ಊರಿನ ಬಯಲಿಗೆ, ಒಂದು ಸಾಮಾನ್ಯರ ಮನೆಗೆ, ಒಂದು ಮಾಲೀಕರಿಗೆ. 1996ರಲ್ಲಿ ಚಾರ್ಲ್ಸ್ ಕೊರಿಯಾ ಸಮಿತಿಗೆ ಸರಕಾರಿ ಗಿರಣಿಗಳ ಜಮೀನನ್ನು ನೋಡಲು ಹೇಳಿದರು. ಅವರು ಬಿಡಿಬಿಡಿ ತುಂಡು ಮಾಡಬೇಡಿ, ಎಲ್ಲಾ ಒಟ್ಟಿಗೆ ಇಟ್ಟು ನೋಡಿ, ದೊಡ್ಡ ಬಯಲು, ರಸ್ತೆ, ಮನೆ ಎಲ್ಲಾ ಸಿಗುತ್ತದೆ ಅಂದರು. ದೇಶದ ದೊಡ್ಡ ತಲೆ ಹೇಳಿದ್ದು, ಆದರೂ ಫೈಲು ಫೈಲಾಗೇ ಉಳಿಯಿತು.

2001ರಲ್ಲಿ ನಿಯಮ ತಿದ್ದಿದರು. ಪಾಲು ಖಾಲಿ ಜಾಗಕ್ಕೆ ಮಾತ್ರ, ಕಟ್ಟಡ ನಿಂತಿರುವ ಜಾಗಕ್ಕೆ ಇಲ್ಲ ಅಂತ. ಗಿರಣಿ ಅಂದರೆ ತುಂಬಾ ಕಟ್ಟಡವೇ ಅಲ್ವಾ? ಹೈಕೋರ್ಟ್ 2005ರಲ್ಲಿ ಜನರ ಪರ ನಿಂತಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ನಮ್ಮ ಅಜ್ಜ ನೂಲು ತೆಗೆದ ಜಾಗದಲ್ಲಿ ಈಗ ಮಾಲ್ ಇದೆ. ಅಜ್ಜನ ಮರಿಮಗ ಅಲ್ಲಿ ಸೆಕ್ಯೂರಿಟಿ.

ಇಷ್ಟಾದರೂ ನಾನು ಸಾರ್‌ಗೆ ಹೇಳೋದು, ಮಗಳನ್ನು ಓದಿಸಿ. ಯಾಕೆಂದರೆ ಆ ಮೂರು ಪಾಲಿನ ಲೆಕ್ಕ, ಎಲ್ಲಿ ಎಷ್ಟು ಜಾಗ ಹೋಯ್ತು ಅನ್ನೋದು ನಮ್ಮಂಥವರಿಗೆ ಗೊತ್ತಾಗಿದ್ದೇ ಆರ್ಕಿಟೆಕ್ಚರ್ ಮಕ್ಕಳು, ಮೇಷ್ಟ್ರುಗಳು ನಮ್ಮ ಚಾಳ್‌ಗೆ (ಕಾರ್ಮಿಕರ ವಠಾರಕ್ಕೆ) ಬಂದು ನಕ್ಷೆ ಬಿಡಿಸಿ ತೋರಿಸಿದ್ದರಿಂದ. ಸೋತಿದ್ದು ಹೌದು. ಏನನ್ನು ಸೋತೆವು ಅಂತ ಗೊತ್ತಿದ್ದು ಸೋತೆವು.

ಕಲಿನಾ ಬೆಂಚು

ಒಂದು ಹಳೇ ಕಥೆ ಸೇರಿಸುತ್ತೇನೆ. ನಗರವನ್ನು ಪಾಠವಾಗಿ ಕಲಿಸೋದು ಮುಂಬೈಗೆ ಹೊಸದೇನಲ್ಲ.

1919ರಲ್ಲಿ ಬಾಂಬೆ ಯೂನಿವರ್ಸಿಟಿ ಸಮಾಜಶಾಸ್ತ್ರ ಮತ್ತು ನಾಗರಿಕ ಜೀವನ ಕಲಿಸಲು ಪ್ಯಾಟ್ರಿಕ್ ಗೆಡ್ಡೆಸ್ ಅನ್ನುವ ಸ್ಕಾಟ್ಲೆಂಡಿನವರನ್ನು ಪ್ರೊಫೆಸರ್ ಮಾಡಿತು. ಆಗ ಅವರಿಗೆ ಅರವತ್ತೈದರ ಹತ್ತಿರ. ಮೂಲದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. 1914ರಲ್ಲಿ ಭಾರತಕ್ಕೆ ಬರುವಾಗ ತಮ್ಮ ನಗರ ಪ್ರದರ್ಶನದ ನಕ್ಷೆ, ಚಿತ್ರಗಳನ್ನೆಲ್ಲ ಬೇರೆ ಹಡಗಿನಲ್ಲಿ ಕಳಿಸಿದ್ದರು. ಅದನ್ನು ಜರ್ಮನಿಯ ಯುದ್ಧನೌಕೆ ಎಮ್ಡೆನ್ ಮುಳುಗಿಸಿತು. ಬೇರೆಯವರಾಗಿದ್ದರೆ ವಾಪಸ್ ಹೋಗುತ್ತಿದ್ದರು. ಇವರು ಸ್ನೇಹಿತರಿಂದ ಹೊಸದಾಗಿ ಸಾಮಗ್ರಿ ತರಿಸಿ ಮದರಾಸಿನಲ್ಲಿ ಪ್ರದರ್ಶನ ಮಾಡಿದರು. ಆಮೇಲೆ ದೇಶದ ಹತ್ತಾರು ಊರು ತಿರುಗಿ ವರದಿ ಬರೆದರು.

1896ರ ಪ್ಲೇಗ್ ಆದಮೇಲೆ ಮುಂಬೈಯಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂದಿತ್ತು. ಅದರ ದಾರಿ ಒಂದೇ: ಕಿಕ್ಕಿರಿದ ಗಲ್ಲಿ ಇದ್ದರೆ ಒಡೆ, ನೇರ ರಸ್ತೆ ಎಳೆ. ಪ್ರಿನ್ಸೆಸ್ ಸ್ಟ್ರೀಟ್ ಹಾಗೆ ಆಗಿದ್ದು. (ಸಾರ್, ನೀವಿರುವ ಮಾಟುಂಗಾವೂ ಅದೇ ಟ್ರಸ್ಟಿನ ಬಡಾವಣೆ. ಅದು ಮಾತ್ರ ಒಳ್ಳೇದೇ ಆಯ್ತು.) ಗೆಡ್ಡೆಸ್ ಮಾತು ಇದಕ್ಕೆ ಉಲ್ಟಾ ಇತ್ತು. ಇಡೀ ಗಲ್ಲಿ ಯಾಕೆ ಒಡೆಯುತ್ತೀರಿ, ಬೀಳುವ ಹಂತದ ಒಂದೆರಡು ಮನೆ ತೆಗೆಯಿರಿ, ಆ ಜಾಗದಲ್ಲಿ ಮರ ನೆಡಿ, ಬಾವಿ ಸರಿಮಾಡಿ, ಗಾಳಿ ತಾನೇ ಬರುತ್ತದೆ. ಇಂದೋರಿನಲ್ಲಿ ದೀಪಾವಳಿಗೆ ಮೆರವಣಿಗೆ ಮಾಡಿಸಿ, ಕೊಳೆಯ ರಾಕ್ಷಸನನ್ನೂ ಪ್ಲೇಗಿನ ಇಲಿಯನ್ನೂ ಬೊಂಬೆ ಮಾಡಿ ಸುಡಿಸಿದರು. ಮೆರವಣಿಗೆ ನಮ್ಮ ಬೀದಿಯಲ್ಲೂ ಬರಲಿ ಅಂತ ಜನ ತಾವೇ ಬೀದಿ ಗುಡಿಸಿದರಂತೆ. ಪಾಠ ಅಂದರೆ ಅದು.

ಈಗ ನೋಡಿ. ಗೆಡ್ಡೆಸ್ ತಮ್ಮ ಕ್ಲಾಸಿಗೆ ಬರುತ್ತಿದ್ದ ಸಂಸ್ಕೃತದ ಹುಡುಗನೊಬ್ಬನನ್ನು ಗುರುತಿಸಿ ಇಂಗ್ಲೆಂಡಿಗೆ ಕಳಿಸಲು ಶಿಫಾರಸು ಮಾಡಿದರು. ಅವರೇ ಜಿ.ಎಸ್. ಘುರ್ಯೆ, 1924ರಲ್ಲಿ ವಿಭಾಗ ಅವರ ಕೈಗೆ ಬಂತು. ಘುರ್ಯೆ ಹತ್ತಿರ ಓದಲು ಮೈಸೂರಿನಿಂದ ಬಂದವರು ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಕೂಡ ಘುರ್ಯೆ ಶಿಷ್ಯೆಯೇ. ಗೆಡ್ಡೆಸ್ ವರದಿಗಳಲ್ಲಿ ಬಹಳಷ್ಟು ಧೂಳು ತಿಂದವು. ವಿದ್ಯಾರ್ಥಿಗಳು ಧೂಳು ತಿನ್ನಲಿಲ್ಲ. ಮೇಷ್ಟ್ರ ಸಂಬಳ ಕಡಿಮೆ ಅನ್ನುವವರು ಈ ಸಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪುಣೆ ಪೇಠೆ

ಪುಣೆಯಿಂದ ಒಂದೇ ಮಾತು. ಜೆ.ಎಂ. ರಸ್ತೆಯ ಫುಟ್‌ಪಾತ್ ಅಗಲ ಮಾಡಿ, ಕೂರಲು ಬೆಂಚು ಹಾಕಿದಾಗ ಅಂಗಡಿಯವರು ಪಾರ್ಕಿಂಗ್ ಹೋಯ್ತು ಅಂತ ಕೂಗಾಡಿದರು. ಈಗ ಭಾನುವಾರ ಸಂಜೆ ಹೋಗಿ ನೋಡಿ, ಅಜ್ಜಿಯಂದಿರು ಸಾಲಾಗಿ ಕೂತಿರುತ್ತಾರೆ. ಅಂಗಡಿಯಲ್ಲಿ ಗಿರಾಕಿಯೂ ಇರುತ್ತಾರೆ. ಈ ಥರದ ಕೆಲಸಕ್ಕೆ ಅರ್ಬನ್ ಡಿಸೈನ್ ಓದಿದವರೇ ಬೇಕು, ಬರೀ ಸಿವಿಲ್ ಎಂಜಿನಿಯರ್ ಸಾಲದು. (ನಾನೇ ಸಿವಿಲ್ ಎಂಜಿನಿಯರ್, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.)

ಮಡಗಾಂವ್ ಮಾವ

ಗೋವಾದಿಂದ ನನ್ನದೂ ಒಂದು. ಪರೇಲಿನವರು ಸೋತ ಕಥೆ ಹೇಳಿದರು, ಇಲ್ಲಿ ಅರ್ಧ ಗೆದ್ದ ಕಥೆ ಇದೆ. 2011ಕ್ಕೆ ಅಂತ ಮಾಡಿದ್ದ ರೀಜನಲ್ ಪ್ಲಾನ್‌ನಲ್ಲಿ (ರಾಜ್ಯದ ಯಾವ ಜಾಗ ಯಾವುದಕ್ಕೆ ಅನ್ನುವ ಯೋಜನೆ) ಗುಡ್ಡ, ಗದ್ದೆ ಎಲ್ಲಾ ಕಟ್ಟಡಕ್ಕೆ ಬಿಟ್ಟಿದ್ದರು. ಜನ ಬೀದಿಗೆ ಇಳಿದರು, 2007ರ ಜನವರಿಯಲ್ಲಿ ಸರಕಾರ ಅದನ್ನು ರದ್ದು ಮಾಡಬೇಕಾಯ್ತು. ಹೊಸ ಪ್ಲಾನ್ ಮಾಡಲು ಬಂದ ಸಮಿತಿಯಲ್ಲಿ ಚಾರ್ಲ್ಸ್ ಕೊರಿಯಾ ಇದ್ದರು. ಈ ಸಲ ನಕ್ಷೆಗಳು ಪಂಚಾಯಿತಿಗೆ ಬಂದವು. ನಮ್ಮ ವಠಾರದ ಮೀನುಗಾರನೊಬ್ಬ ನಕ್ಷೆ ಮೇಲೆ ಬೆರಳಿಟ್ಟು "ಇದು ರಸ್ತೆ ಅಲ್ಲ, ಇದು ನಮ್ಮ ಮಾನಸ" ಅಂದ. ಮಾನಸ ಅಂದರೆ ಖಾಝನ್ ಗದ್ದೆಗೆ (ಹೊಳೆ ಪಕ್ಕ ಏರಿ ಕಟ್ಟಿ ಮಾಡಿದ ತಗ್ಗಿನ ಗದ್ದೆ) ಬರುವ ಉಪ್ಪುನೀರನ್ನು ಹತೋಟಿಯಲ್ಲಿಡುವ ತೂಬು. ಅದನ್ನು ತಿದ್ದಿಸಲು ಪಕ್ಕದಲ್ಲಿ ಕೂತಿದ್ದವಳು ಆಗಷ್ಟೇ ಓದು ಮುಗಿಸಿದ್ದ ಒಬ್ಬ ಹುಡುಗಿ. ಆಮೇಲೆ ಆ ಪ್ಲಾನಿನ ಮೇಲೂ ಬೇಕಾದಷ್ಟು ರಾಜಕೀಯ ನಡೆಯಿತು, ಬಿಡಿ. ನಕ್ಷೆ ಓದಲು ಊರವರಿಗೆ ಹೇಳಿಕೊಡುವವರು ಬೇಕು ಅನ್ನೋದು ಅವತ್ತು ನನಗೆ ಕಂಡಿತು.

ಮಾಟುಂಗಾದಪ್ಪ

ಎಲ್ಲವನ್ನೂ ಓದಿದೆ. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ.

ನಿನ್ನೆ ಮಗಳ ಜೊತೆ ನಾನೂ ಸ್ಟೇಷನ್ ಹೊರಗೆ ನಿಂತೆ. ಠಾಣೆಯವರ ಮಾತು ತಲೆಯಲ್ಲಿತ್ತು, ಬಾಳೆ ಎಲೆ ಮಾರುವ ಅಮ್ಮನ ಬುಟ್ಟಿಯಿಂದಲೇ ಜನ ರಸ್ತೆಗೆ ಇಳಿಯುತ್ತಾರೆ ಅಂತ ಹೇಳಿದೆ. ಅವಳು "ಗುರುತು ನೋಡು" ಅಂದಳು. ಬುಟ್ಟಿಯ ಹತ್ತಿರ ಸುಣ್ಣದ ಗುರುತು ಕಡಿಮೆ. ಜನ ಅಲ್ಲಿ ನಿಧಾನ ಆಗುತ್ತಾರೆ, ಎಲೆ ಕೇಳುತ್ತಾರೆ, ದಾಟಿ ಹೋಗುತ್ತಾರೆ. ಗುರುತು ಗುಂಪಾಗಿ ಬಿದ್ದಿದ್ದು ಇನ್ನೂ ಮುಂದೆ, ಫುಟ್‌ಪಾತ್ ನಡುವೆ ನಿಂತಿರುವ ಕರೆಂಟ್ ಪೆಟ್ಟಿಗೆಯ ಹತ್ತಿರ. ಅದರ ಪಕ್ಕ ಒಬ್ಬರು ಓರೆಯಾಗಿ ಹೋಗಬಹುದು, ಚೀಲ ಇದ್ದರೆ ಅದೂ ಇಲ್ಲ. ನಡೆಯಲು 1.8 ಮೀಟರ್ ಖಾಲಿ ಬಿಡಬೇಕು ಅಂತ ನಿಯಮ ಇದೆಯಂತೆ. ಪೆಟ್ಟಿಗೆ ಆದಮೇಲೆ ಅಂಚಿನ ಕಲ್ಲು ಎಷ್ಟು ಎತ್ತರ ಅಂದರೆ, ಒಮ್ಮೆ ಇಳಿದ ಮುದುಕರು ಮತ್ತೆ ಹತ್ತುವುದಿಲ್ಲ, ಸಿಗ್ನಲ್‌ವರೆಗೂ ಬಸ್ಸಿನ ಪಕ್ಕವೇ ನಡೆಯುತ್ತಾರೆ. ಇಷ್ಟು ವರ್ಷ ಅದೇ ದಾರಿಯಲ್ಲಿ ತರಕಾರಿ ತಂದಿದ್ದೇನೆ. ನಾನೂ ಅಲ್ಲೇ ಇಳಿಯುತ್ತೇನೆ.

ಸರಿ, ಕೆಲಸ ದೊಡ್ಡದು ಅಂತ ಒಪ್ಪಿದೆ. ಈಗ ಅಪ್ಪನ ಪ್ರಶ್ನೆ: ಎಲ್ಲಿ ಓದಬೇಕು, ಖರ್ಚು ಏನು, ಆಮೇಲೆ ಹೊಟ್ಟೆಗೆ?

ಸ್ಟುಡಿಯೋ ಅಕ್ಕ

ಸಾರ್, ನೇರವಾಗಿ ಹೇಳುತ್ತೇನೆ.

ಮೊದಲು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಲಿ. ಒಂದೆರಡು ವರ್ಷ ಆಫೀಸಿನಲ್ಲಿ ಕೆಲಸ ಮಾಡಲಿ, ಅದಿಲ್ಲದೆ ಎಂ.ಆರ್ಕ್‌ಗೆ ಹೋದವರಿಗೆ ಸ್ಟುಡಿಯೋದಲ್ಲಿ ಕಷ್ಟ. ಗೇಟ್ ಪರೀಕ್ಷೆ ಬರೆಯಲಿ, ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಪೇಪರ್ ಇದೆ. ಗೇಟ್ ಮೂಲಕ ಸೀಟು ಸಿಕ್ಕರೆ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್ ಇದೆ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ (ಎಸ್‌ಪಿಎ) ಇದೆ, ಅಹಮದಾಬಾದಿನ ಸೆಪ್ಟ್ ಇದೆ. ಮನೆ ಬಿಟ್ಟು ಹೋಗೋದು ಬೇಡ ಅಂದರೆ ಜುಹುವಿನ ಕಮಲಾ ರಹೇಜಾ ಕಾಲೇಜಿನಲ್ಲೂ ಅರ್ಬನ್ ಡಿಸೈನ್ ಇದೆ. ಎರಡು ವರ್ಷ. ಸೆಪ್ಟ್‌ನ ಫೀಸ್ ನೋಡಿ ಗಾಬರಿ ಆಗಬೇಡಿ, ಅಲ್ಲಿ ಸಹಾಯಧನಕ್ಕೆ ಅರ್ಜಿ ಹಾಕಬಹುದು.

ಪಾಠ ಮಾಡೋದು ಅಂದರೆ, ಶುರುವಿನಲ್ಲಿ ಹೆಚ್ಚಿನವರು ವಿಸಿಟಿಂಗ್. ಗಂಟೆ ಲೆಕ್ಕದಲ್ಲಿ ದುಡ್ಡು, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ನಾನು ಹಾಗೇ ವರ್ಷಗಟ್ಟಲೆ ಓಡಾಡಿದೆ, ಒಂದು ಕಾಲೇಜಿನಲ್ಲಿ ಸೆಮಿಸ್ಟರ್ ಮುಗಿದ ಎಷ್ಟೋ ದಿನದ ಮೇಲೆ ಚೆಕ್ ಬಂತು. ಅದಕ್ಕೇ ಪಾಠದ ಜೊತೆ ಒಂದು ಕೈ ಆಫೀಸಿನಲ್ಲಿ ಇರಲೇಬೇಕು. ಮೆಹ್ರೋತ್ರ ಥರದವರೂ ಮಾಡಿದ್ದು ಅದೇ, ಬೇರೆ ಮಟ್ಟದಲ್ಲಿ. ಪೂರ್ಣಾವಧಿ ಕೆಲಸ ಸಿಕ್ಕು, ಪಿಎಚ್‌ಡಿ ಆದರೆ ಆಮೇಲೆ ಪರವಾಗಿಲ್ಲ. ಬಂಗಲೆ ಆಗೋಲ್ಲ. ಮಾಟುಂಗಾದಲ್ಲಿ ನಿಮ್ಮ ಮನೆ ಇದೆಯಲ್ಲ, ಅದೇ ಅವಳ ದೊಡ್ಡ ಸ್ಕಾಲರ್‌ಶಿಪ್.

ಠಾಣೆ ಸ್ಲೋ

ಕರೆಂಟ್ ಪೆಟ್ಟಿಗೆ ವಿಷಯ ಒಪ್ಪಿದೆ. ನಮ್ಮ ಸ್ಟೇಷನ್ ಹೊರಗೂ ಒಂದಿದೆ, ಈಗ ಅದೇ ಕಣ್ಣಿಗೆ ಬೀಳುತ್ತಿದೆ. ಕಾಫಿ ರೇಟಿನ ಮಾತು ಮಾತ್ರ ವಾಪಸ್ ತೆಗೆದುಕೊಳ್ಳೋಲ್ಲ. ಸಾರ್, ಮಗಳಿಗೆ ಕೇಳಿ, ಠಾಣೆಗೆ ಬಂದು ಅಳೆಯುತ್ತಾಳಾ? ಸುಣ್ಣ, ಟೀ ಖರ್ಚು ನನ್ನದು.

ಕೋಟೆ ಕ್ಯಾಂಟೀನ್

ಠಾಣೆಗೆ ಮೊದಲು ಫೋರ್ಟ್‌ಗೆ ಬರಲಿ. ಕಮಾನಿನ ಕೆಳಗೆ ಯಾವ ಕಂಬ ಯಾರದ್ದು ಅಂತ ನನಗೆ ಇನ್ನೂ ನೆನಪಿದೆ, ಬರೆದುಕೊಳ್ಳುವವರು ಸಿಕ್ಕಿರಲಿಲ್ಲ. ಭಾನುವಾರ ಬೇಡ, ಆಫೀಸೆಲ್ಲ ರಜೆ ಇರುತ್ತದೆ. ಶನಿವಾರ ಹತ್ತು ಗಂಟೆಗೆ ವಿ.ಟಿ. ಎದುರಿನ ಸಬ್‌ವೇ ಮೆಟ್ಟಿಲ ಹತ್ತಿರ ಸಿಗುತ್ತೇನೆ. ಅಪ್ಪನೂ ಬರಬಹುದು.

ಮಾಟುಂಗಾದಪ್ಪ

ಬರುತ್ತೇವೆ ಅಣ್ಣಾ. ಟೇಪು ನಾನು ಹಿಡಿಯುತ್ತೇನೆ, ಅವಳು ಬರೆಯುತ್ತಾಳೆ. ಹತ್ತಲ್ಲ, ಹತ್ತೂಕಾಲು ಅಂತ ಇಟ್ಟುಕೊಳ್ಳಿ, ಶನಿವಾರ ಬೆಳಿಗ್ಗೆ ಮನೆಗೆ ನೀರು ತಡವಾಗಿ ಬರುತ್ತದೆ.